ಪಿಟೀಲಿನ ಹಲ್ಲು, ಅಜ್ಜಿಯ ಖಾಲಿ ತಟ್ಟೆ

ಮಗು ಊಟ ಅರ್ಧಕ್ಕೆ ಬಿಟ್ಟು ಎದ್ದರೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಹಟ." ಈ ಮನೆಯಲ್ಲೂ ಹಾಗೇ ಆಯಿತು.

ಹುಡುಗಿಗೆ ನಾಲ್ಕೂವರೆ ವರ್ಷ. ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಾಳೆಂದು ಮನೆಯವರೆಲ್ಲ ಅವಳನ್ನು ಪಿಟೀಲು ಎಂದು ಕರೆಯುತ್ತಾರೆ. ಒಂದು ವಾರದಿಂದ ಪಿಟೀಲು ಬ್ರೆಡ್ಡಿನ ಮೆತ್ತಗಿನ ನಡುಭಾಗ ಮಾತ್ರ ತಿನ್ನುತ್ತಿದ್ದಳು. ಗಟ್ಟಿ ಅಂಚನ್ನು ಸುತ್ತಲೂ ಬಿಡಿಸಿ, ಚೌಕಟ್ಟಿನ ಹಾಗೆ ತಟ್ಟೆಯಲ್ಲಿಟ್ಟು ಏಳುತ್ತಿದ್ದಳು.

"ಅಮ್ಮ ಬೇಕರೀಲಿ ಕೆಲಸ ಮಾಡ್ತಾಳಲ್ಲ, ಮಹಾರಾಣಿಗೆ ಬ್ರೆಡ್ಡು ಅಂದ್ರೆ ಸಸಾರ" ಎಂದು ಅಜ್ಜಿ ಗೊಣಗಿದರು. ಆಮೇಲೆ ಆ ಅಂಚನ್ನು ತಾವೇ ಹಾಲಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿಂದರು.

ಅಮ್ಮ ಬೇಕರಿಗೆ ಹೋಗುವಾಗ ಬೀದಿದೀಪ ಇನ್ನೂ ಆರಿರುವುದಿಲ್ಲ. ಮಧ್ಯಾಹ್ನ ಬರುವಾಗ ಕೈಕಾಲು ಹಿಟ್ಟಿನ ಮೂಟೆಯಷ್ಟು ಭಾರ. ಅಪ್ಪ ಸರಕಿನ ಲಾರಿ ಓಡಿಸುತ್ತಾನೆ, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಪಿಟೀಲನ್ನು ಎಬ್ಬಿಸುವುದು, ಉಣ್ಣಿಸುವುದು, ಮಲಗಿಸುವುದು ಎಲ್ಲ ಅಜ್ಜಿಯೇ. ಅಜ್ಜಿ ಎಂದರೆ ಅಪ್ಪನ ಅಮ್ಮ.

ಅಜ್ಜಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಈಗಲೂ ಕಿಟಕಿಯ ಪಕ್ಕದ ಹೊಲಿಗೆ ಯಂತ್ರ ದಿನಕ್ಕೆ ನಾಲ್ಕು ತಾಸು ಕಟಕಟ ಎನ್ನುತ್ತದೆ. ತುಟಿಗಳ ನಡುವೆ ಆರು ಗುಂಡುಸೂಜಿ ಕಚ್ಚಿಕೊಂಡು ಪಕ್ಕದ ಮನೆಯವಳ ಜೊತೆ ಹರಟಬಲ್ಲರು. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಾರೆ. ಕತ್ತರಿ ಎದುರಿಗೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಾರೆ. ಬಾಯಿ ಅವರಿಗೆ ಮೂರನೆಯ ಕೈ.

ಮೊಮ್ಮಗಳ ಆರೈಕೆಗೂ ಅದೇ ಮೂರನೆಯ ಕೈ ಬರುತ್ತಿತ್ತು. ಗಂಜಿ ಬಿಸಿಯಾಗಿದೆಯೇ ಎಂದು ಚಮಚ ಮೊದಲು ತಮ್ಮ ಬಾಯಿಗೆ, ಆಮೇಲೆ ಅದೇ ಚಮಚ ಅವಳ ಬಾಯಿಗೆ. ಬಿಸ್ಕತ್ತು ಗಟ್ಟಿ ಎಂದರೆ ತಾವು ಅರ್ಧ ಕಚ್ಚಿ ಮೆತ್ತಗೆ ಮಾಡಿ ಕೊಡುವುದು. ಮಲಗುವ ಮುಂಚೆ ಹಾಸಿಗೆಯಲ್ಲೇ ಸಕ್ಕರೆ ಹಾಕಿದ ಹಾಲು. ಪಿಟೀಲು ಕೊನೆಯ ಗುಟುಕನ್ನು ಕೆನ್ನೆಯಲ್ಲಿಟ್ಟುಕೊಂಡೇ ನಿದ್ದೆಹೋಗುತ್ತಿದ್ದಳು. ಅದನ್ನು ನೋಡುವುದೇ ಅಜ್ಜಿಗೆ ದಿನದ ಸಂತೋಷ.

ಆ ದಿನ ಮಧ್ಯಾಹ್ನ ಅಮ್ಮ ಬಂದಾಗ ಪಿಟೀಲು ಬಲಗೆನ್ನೆಗೆ ಅಂಗೈ ಒತ್ತಿಕೊಂಡು ಕೂತಿದ್ದಳು.

"ಎಲ್ಲಿ, ಆ ಅನ್ನು."

"ಊಹೂಂ."

"ಬಾಯೊಳಗೆ ಬೆಕ್ಕು ಇದ್ಯಂತೆ. ನೋಡ್ತೀನಿ, ತೆಗಿ."

ಬೆಕ್ಕು ಎಂದ ಕೂಡಲೇ ಬಾಯಿ ತೆರೆಯಿತು. ಕೆಳಗಿನ ದವಡೆ ಹಲ್ಲಿನ ನಡುವೆ ಕಂದುಬಣ್ಣದ ತೂತು.

"ಅತ್ತೆ, ಇಲ್ಲಿ ನೋಡಿ! ಹುಳುಕು ಹಿಡಿದಿದೆ."

ಅಜ್ಜಿ ಕನ್ನಡಕ ಮೇಲೇರಿಸಿ ಇಣುಕಿದರು. "ಓ, ಇದಾ? ಹಾಲುಹಲ್ಲು ಕಣೇ. ಹೇಗಿದ್ರೂ ಉದುರಿಹೋಗೋ ಹಲ್ಲಿಗೆ ಯಾಕಿಷ್ಟು ಗಾಬರಿ? ನಿನ್ನ ಗಂಡನ ಹಲ್ಲೂ ಹೀಗೇ ಇತ್ತು. ಈಗ ಲಾರಿ ಓಡಿಸ್ತಿಲ್ವಾ?"

"ಲಾರಿ ಹಲ್ಲಿನಿಂದ ಓಡಿಸ್ತಾರಾ ಅತ್ತೆ?"

ಅಜ್ಜಿಗೆ ನಗು ಬಂತು. ನಗುವಾಗ ಎಂದಿನಂತೆ ಅಂಗೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು.

ಭಾನುವಾರ ಅಮ್ಮನ ತಂಗಿ ಬಂದಳು. ಅವಳು ದಂತ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಬಾಯಲ್ಲಿರುವ, ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳನ್ನು ಮಣಿಸುವುದು ಹೇಗೆ ಎಂಬುದು ಅವಳ ಸಂಶೋಧನೆ. ಮೂರು ವರ್ಷದಿಂದ ಅದೇ ಗುಂಗು. ಪಿಟೀಲಿಗೆ ಅವಳು ಚಿಕ್ಕಮ್ಮ. ಅಜ್ಜಿಗೆ, ಬೆನ್ನ ಹಿಂದೆಯೂ ಎದುರಿಗೂ, "ಎಂಜಲು ಡಾಕ್ಟ್ರು."

ಚಿಕ್ಕಮ್ಮ ಮೊಬೈಲಿನ ಬೆಳಕಿನಲ್ಲಿ ಹಲ್ಲನ್ನು ಬಹಳ ಹೊತ್ತು ನೋಡಿದಳು. ನಗು ಮಾಯವಾಯಿತು.

"ಅಕ್ಕಾ, ತೂತು ಆಳವಾಗಿದೆ. ನರಕ್ಕೆ ತಲುಪಿದೆಯೋ ಇಲ್ವೋ ನಾನು ಹೀಗೆ ನೋಡಿ ಹೇಳೋಕಾಗಲ್ಲ. ತಲುಪದೇ ಇದ್ರೆ ಸ್ವಚ್ಛ ಮಾಡಿ ತುಂಬಿಸಬಹುದು, ಹಲ್ಲು ಉಳಿಯುತ್ತೆ. ತಡ ಮಾಡಿದ್ರೆ ಕೀಳಬೇಕಾಗಬಹುದು."

"ಕೀಳಲಿ ಬಿಡಮ್ಮಾ" ಎಂದರು ಅಜ್ಜಿ. "ಹೊಸದು ಬರುತ್ತಲ್ಲ."

"ಇದರ ಜಾಗಕ್ಕೆ ಹೊಸದು ಬರೋದು ಇವಳಿಗೆ ಹತ್ತು ಹನ್ನೊಂದು ವರ್ಷ ಆದಾಗ ಅತ್ತೆ. ಅಲ್ಲೀವರೆಗೆ ಅಗಿಯೋದು ಯಾವುದರಲ್ಲಿ? ಅಷ್ಟೇ ಅಲ್ಲ, ಈ ಹಲ್ಲು ಜಾಗ ಹಿಡ್ಕೊಂಡಿರುತ್ತೆ. ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ತೀವಲ್ಲ, ಹಾಗೆ. ಕರ್ಚೀಫ್ ತೆಗೆದ್ರೆ ಪಕ್ಕದವರು ಸರಿದು ಕೂತ್ಬಿಡ್ತಾರೆ. ದೊಡ್ಡ ಹಲ್ಲು ಬಂದು ನೋಡಿದ್ರೆ ಸೀಟೇ ಇಲ್ಲ. ಸೊಟ್ಟಗೆ ಬರುತ್ತೆ. ಕೀವಾದ್ರೆ ಕೆಳಗೆ ಬೆಳೀತಿರೋ ಹಲ್ಲಿಗೂ ಏಟು."

ಕಾಲೇಜಿನ ಮಕ್ಕಳ ದಂತವೈದ್ಯರ ಬಳಿ ಈ ಶನಿವಾರ ಬಿಟ್ಟು ಮುಂದಿನ ಶನಿವಾರಕ್ಕೆ ಸಮಯ ಸಿಕ್ಕಿತು. ಮುಖ ಊದಿದರೆ, ಜ್ವರ ಬಂದರೆ ಕಾಯದೆ ಅದೇ ದಿನ ಕರೆತರಬೇಕು ಎಂದು ಚಿಕ್ಕಮ್ಮ ಎರಡೆರಡು ಸಲ ಹೇಳಿದಳು.

ಆಮೇಲೆ ಸ್ವಲ್ಪ ಸಂಕೋಚದಿಂದ ಇನ್ನೊಂದು ಮಾತು ತೆಗೆದಳು. "ನನ್ನ ಸಂಶೋಧನೆಗೆ ಒಂದು ಮನೆ ಕಡಿಮೆ ಇದೆ. ಮಗು, ಮಗುವನ್ನು ನೋಡ್ಕೊಳ್ಳೋರು, ಇಬ್ಬರ ಹಲ್ಲಿನ ಮೇಲಿರೋ ಲೋಳೆ ಚೂರು ಬೇಕು. ನೋವಾಗಲ್ಲ. ಹೆಸರು ಎಲ್ಲೂ ಬರಲ್ಲ. ಬೇಡ ಅಂದ್ರೂ ಬೇಜಾರಿಲ್ಲ."

ಅಮ್ಮ ಒಪ್ಪಿದಳು. ಅಜ್ಜಿಯೂ ಹೂಂ ಎಂದು ಕಾಗದಕ್ಕೆ ಸಹಿ ಹಾಕಿದರು.

"ಒಂದೇ ಷರತ್ತು. ಮಂಗಳವಾರ ರಾತ್ರಿ, ಬುಧವಾರ ಬೆಳಿಗ್ಗೆ ಇಬ್ಬರೂ ಹಲ್ಲುಜ್ಜಬಾರದು. ಬಾಯಿ ಹೇಗಿದೆಯೋ ಹಾಗೇ ನನಗೆ ಸಿಗಬೇಕು. ಇದು ಪರೀಕ್ಷೆಗೋಸ್ಕರ ಒಂದು ಸಲ ಮಾತ್ರ. ಪಿಟೀಲು, ಇದನ್ನೇ ಅಭ್ಯಾಸ ಮಾಡ್ಕೋಬೇಡ."

ಪಿಟೀಲಿಗೆ ಇಂಥ ಡಾಕ್ಟರು ಬಹಳ ಇಷ್ಟವಾದರು.

ಅಜ್ಜಿಗೆ ಮಾತ್ರ ಆವತ್ತಿನಿಂದ ಸಮಾಧಾನವಿಲ್ಲ. ಅಳತೆ ಕೊಡಲು ಬಂದ ಗಿರಾಕಿಯ ಎದುರಿಗೆ ಹರಿದ ಬಟ್ಟೆಯಲ್ಲಿ ನಿಂತ ಹಾಗೆ ಆಯಿತು ಅವರಿಗೆ. ಸೊಸೆಯ ತಂಗಿ. ಓದಿದವಳು. ತಮ್ಮ ಬಾಯಿಯ ಕೊಳೆಯನ್ನು ಕಾಲೇಜಿಗೆ ಒಯ್ದು, ದೊಡ್ಡ ದೊಡ್ಡವರ ಎದುರಿಗೆ ಯಂತ್ರದ ಕೆಳಗಿಟ್ಟು ನೋಡುತ್ತಾಳಂತೆ! ಎಡಗಡೆಯ ಎರಡು ಹಲ್ಲು ನಾಲ್ಕು ವರ್ಷದಿಂದ ಅಲ್ಲಾಡುತ್ತಿವೆ, ಉಜ್ಜಿದರೆ ರಕ್ತ ಬರುತ್ತದೆ ಎಂಬುದನ್ನು ಅಜ್ಜಿ ಮಗನಿಗೂ ಹೇಳಿರಲಿಲ್ಲ.

ಬುಧವಾರ ಅಮ್ಮ ಬೇಕರಿಗೆ ಹೋದದ್ದೇ ತಡ, ಅಜ್ಜಿ ಬಚ್ಚಲಿಗೆ ನುಗ್ಗಿದರು. ಮೊದಲು ಉಪ್ಪು. ಆಮೇಲೆ ಇದ್ದಿಲ ಪುಡಿ. ಆಮೇಲೆ ಹಿಂದಿನ ದಿನ ಔಷಧಿ ಅಂಗಡಿಯಿಂದ ಗುಟ್ಟಾಗಿ ತಂದಿದ್ದ, ಬಾಯಿ ಮುಕ್ಕಳಿಸುವ ನೀಲಿ ನೀರು, ಅದೂ ಮೂರು ಸಲ. ಒಸಡು ಕೆಂಪಾಯಿತು. ಬಿಡಲಿಲ್ಲ. ಪಿಟೀಲನ್ನೂ ಎಬ್ಬಿಸಿ, ಬಟ್ಟೆ ಚೂರನ್ನು ಅದೇ ನೀಲಿ ನೀರಲ್ಲಿ ಅದ್ದಿ ಅವಳ ಹಲ್ಲುಗಳನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರು.

"ಉರಿ ಅಜ್ಜೀ!"

"ಸುಮ್ನಿರೇ ಬಂಗಾರ. ಮರ್ಯಾದೆ ಪ್ರಶ್ನೆ."

ಮಾದರಿ ತೆಗೆದುಕೊಳ್ಳಲು ಚಿಕ್ಕಮ್ಮ ಎಂಟು ಗಂಟೆಗೆ ಬಂದಳು. "ಉಜ್ಜಿಲ್ಲ ತಾನೆ?" ಎಂದಳು.

"ಛೆ, ನೀನು ಹೇಳಿದ ಮೇಲೆ ಉಜ್ತೀವಾ?" ಎಂದರು ಅಜ್ಜಿ. ಪಿಟೀಲು ಏನೋ ಹೇಳಲು ಹೊರಟಳು. ಅಜ್ಜಿ ಅವಳ ತಲೆ ನೇವರಿಸಿದರು, ಸ್ವಲ್ಪ ಗಟ್ಟಿಯಾಗಿಯೇ.

ಮುಂದಿನ ಭಾನುವಾರ ಚಿಕ್ಕಮ್ಮ ಮತ್ತೆ ಬಂದಾಗ ಮುಖ ಬಾಡಿತ್ತು. ಚೀಲವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತಳು.

"ಲೋಳೆ ಹಚ್ಚಿ ಸೂಕ್ಷ್ಮಾಣು ಬೆಳೆಸೋ ಪುಟ್ಟ ತಟ್ಟೆಗಳಿವೆಯಲ್ಲ, ಎಲ್ಲರ ತಟ್ಟೆಯಲ್ಲೂ ಬೆಳೆದಿದೆ ಅಕ್ಕಾ. ನಿಮ್ಮನೇದು ಮಾತ್ರ ಹೆಚ್ಚುಕಡಿಮೆ ಖಾಲಿ. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೆ. ನನ್ನದೇ ಏನೋ ಕೈತಪ್ಪಿರಬೇಕು. ಮಾದರಿ ತಗೊಂಡು ಹೋಗುವಾಗ ಬಿಸಿಯಾಯ್ತೋ, ಏನು ಕಥೆಯೋ. ಹಾಗಾದ್ರೆ ಆವತ್ತು ತಗೊಂಡ ಬೇರೆಯವರದ್ದನ್ನೂ ನಂಬೋ ಹಾಗಿಲ್ಲ."

ಅಜ್ಜಿಗೆ ಅರ್ಧ ಮಾತ್ರ ಕೇಳಿಸಿತು. "ಖಾಲಿ ಅಂದ್ರೆ? ಕ್ರಿಮಿ ಇಲ್ಲ ಅಂತ ತಾನೆ?" ಅವರ ಮುಖ ಅರಳಿತು. "ಕೇಳಿದ್ಯೇನೇ? ನಮ್ಮ ಬಾಯಿ ಶುದ್ಧವಾಗಿದೆಯಂತೆ! ಕಾಲೇಜಿನವರೇ ಹೇಳಿದ ಮೇಲೆ ಮತ್ತೇನು? ಸುಮ್ನೆ ಮಗೂನ ಆ ಕುರ್ಚಿ ಮೇಲೆ ಕೂರಿಸಿ ಹೆದರಿಸ್ತೀರಾ?"

ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. ಶನಿವಾರವೆಂದರೆ ಬೇಕರಿಯಲ್ಲಿ ಹೆಚ್ಚಿನ ಕೆಲಸ. ರಜೆ ಕೇಳಿದರೆ ಮೇಲ್ವಿಚಾರಕನ ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತು. ಮೂರು ದಿನದಿಂದ ಕೇಳಬೇಕೆಂದು ಬಾಗಿಲ ತನಕ ಹೋಗಿ ವಾಪಸು ಬಂದಿದ್ದಳು. ದಣಿದವರಿಗೆ ಒಂದು ಕೆಲಸ ತಪ್ಪುತ್ತದೆ ಎಂದರೆ ಎಷ್ಟು ಹಗುರವಾಗುತ್ತದೆ ಎಂಬುದು ದಣಿದವರಿಗೇ ಗೊತ್ತು.

"ಎರಡು ದಿನದಿಂದ ನೋವು ಅಂತಾನೂ ಅಂದಿಲ್ಲ" ಎಂದಳು ಮೆಲ್ಲಗೆ. "ಹಾಗಾದ್ರೆ... ಈ ಶನಿವಾರ ಬೇಡ ಅನ್ನಲಾ?"

"ಅಕ್ಕಾ, ತಟ್ಟೆ ಏನೇ ಹೇಳಲಿ, ತೂತು ಕಣ್ಣಿಗೆ ಕಾಣ್ತಿದೆ" ಎಂದಳು ಚಿಕ್ಕಮ್ಮ. "ನೋವು ನಿಂತಿದೆ ಅಂದ್ರೆ ವಾಸಿಯಾಗಿದೆ ಅಂತಲ್ಲ."

"ನಿನ್ನ ತಟ್ಟೆ ನಿನ್ನ ಮಾತೇ ಕೇಳ್ತಿಲ್ಲ, ನಾವು ಯಾಕೆ ಕೇಳಬೇಕು?" ಎಂದು ಅಜ್ಜಿ ನಕ್ಕರು, ಅಂಗೈ ಅಡ್ಡ ಇಟ್ಟುಕೊಂಡು.

ಆಗಲೇ ಮೂಲೆಯಲ್ಲಿ ಬಿಸ್ಕತ್ತು ಕಡಿಯುತ್ತಿದ್ದ ಪಿಟೀಲು ಕಿರುಚಿಕೊಂಡಳು. ಎಂದಿನ ಎಳೆದೆಳೆದು ಅಳುವ ಅಳುವಲ್ಲ. ಒಂದೇ ಕೂಗು, ಆಮೇಲೆ ಉಸಿರು ಕಟ್ಟಿದ ಮೌನ. ಬಿಸ್ಕತ್ತಿನ ಚೂರು ತೂತಿನಲ್ಲಿ ಸಿಕ್ಕಿಕೊಂಡಿತ್ತು. ಅಮ್ಮ ಎತ್ತಿಕೊಂಡಳು. ಅವಳು ಅಮ್ಮನ ಕೈಯಿಂದ ಜಾರಿ ಅಜ್ಜಿಯ ಮಡಿಲಿಗೆ ಬಿದ್ದು, ಅವರ ಹೊಟ್ಟೆಗೆ ಮುಖ ಒತ್ತಿಕೊಂಡಳು.

ಉಗುರುಬೆಚ್ಚಗಿನ ನೀರು ಮುಕ್ಕಳಿಸಿ ನೋವು ಸ್ವಲ್ಪ ಇಳಿಯುವ ತನಕ ಅಜ್ಜಿ ಅವಳ ಬೆನ್ನು ಸವರಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು:

"ಶನಿವಾರ ಕರ್ಕೊಂಡು ಹೋಗೇ. ಆ ತಟ್ಟೆ ಸುಳ್ಳು."

"ಅಂದ್ರೆ?"

"ನಾನು ಉಜ್ಜಿದ್ದೆ. ಉಪ್ಪು, ಇದ್ದಿಲು, ನೀಲಿ ನೀರು, ಎಲ್ಲ. ಇವಳಿಗೂ ಉಜ್ಜಿದೆ." ಅಜ್ಜಿ ಪಿಟೀಲಿನ ಕೂದಲು ಸರಿಮಾಡಿದರು. "ನಲವತ್ತು ವರ್ಷ ಗಿರಾಕಿಗಳನ್ನ ಬೈದಿದ್ದೀನಿ ಕಣಮ್ಮಾ. ಅಳತೆ ಕೊಡುವಾಗ ಹೊಟ್ಟೆ ಎಳ್ಕೊಂಡು ನಿಲ್ತಾರೆ, ಆಮೇಲೆ ಬಟ್ಟೆ ಬಿಗಿ ಅಂತ ಜಗಳಕ್ಕೆ ಬರ್ತಾರೆ. ಈಗ ನಾನೇ ಹೊಟ್ಟೆ ಎಳ್ಕೊಂಡು ನಿಂತ್ಬಿಟ್ಟೆ."

ಚಿಕ್ಕಮ್ಮನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣು ಒದ್ದೆಯಾಯಿತು.

"ಎರಡು ದಿನ ನಾನು ನನ್ನನ್ನೇ ಬೈಕೊಂಡೆ ಅತ್ತೆ! ಕೆಲಸಾನೇ ಬರಲ್ವೇನೋ ಅಂದ್ಕೊಂಡೆ."

"ನನಗೆ ನಾಚಿಕೆ ಆಯ್ತು ತಾಯಿ. ನನ್ನ ಬಾಯಿ ಚೆನ್ನಾಗಿಲ್ಲ."

"ಚೆನ್ನಾಗಿರೋ ಬಾಯಿ ಮಾತ್ರ ಇದ್ದಿದ್ರೆ ನನಗೆ ಪಿಎಚ್‌ಡಿ ಯಾಕೆ ಬೇಕಿತ್ತು?" ಎಂದಳು ಚಿಕ್ಕಮ್ಮ. ಅಜ್ಜಿಯ ಕೈ ಹಿಡಿದುಕೊಂಡಳು. "ಒಂದು ಮಾತು ಮಾತ್ರ ನಡೆಸಿಕೊಡಿ. ಆ ನೀಲಿ ನೀರು ಇಷ್ಟು ಚಿಕ್ಕವರಿಗಲ್ಲ. ಉಪ್ಪು, ಇದ್ದಿಲು ಹಾಕಿ ತಿಕ್ಕಿದ್ರೆ ಹಲ್ಲಿನ ಮೇಲ್ಪದರ ಸವೆಯುತ್ತೆ. ಇನ್ನು ಬೇಡ."

ಬುಧವಾರ ಮತ್ತೆ ಮಾದರಿ ತೆಗೆದಳು. ಈ ಸಲ ಅಜ್ಜಿ, "ಇಗೋ, ಹೊಟ್ಟೆ ಬಿಟ್ಟು ನಿಂತಿದ್ದೀನಿ" ಎಂದು ಬಾಯಿ ತೆರೆದರು. ಅಮ್ಮ ಗುರುವಾರ ಮೇಲ್ವಿಚಾರಕನ ಬಾಗಿಲು ದಾಟಿ ಒಳಗೇ ಹೋಗಿ ರಜೆ ಕೇಳಿದಳು. ಅವನ ಮುಖ ಅವಳು ಎಣಿಸಿದಂತೆಯೇ ಆಯಿತು. ಆದರೂ ರಜೆ ಸಿಕ್ಕಿತು.

ಶನಿವಾರ ಮಕ್ಕಳ ದಂತವೈದ್ಯರು ಹಲ್ಲಿನ ಎಕ್ಸ್‌ರೇ ತೆಗೆದು, ಪರದೆಯ ಮೇಲೆ ತೋರಿಸಿದರು. ತೂತಿಗೂ ನರಕ್ಕೂ ನಡುವೆ ಕೂದಲೆಳೆಯಷ್ಟು ಗೋಡೆ ಉಳಿದಿತ್ತು.

"ಸರಿಯಾದ ಹೊತ್ತಿಗೆ ಬಂದಿದ್ದೀರಿ" ಎಂದರು. "ಇನ್ನೊಂದು ತಿಂಗಳು ಬಿಟ್ಟು ಬಂದಿದ್ದರೆ ಬೇರೆ ಮಾತು ಆಡಬೇಕಾಗಿತ್ತು."

ಪಿಟೀಲು ಅಮ್ಮನ ಬೆರಳು ಹಿಡಿದುಕೊಂಡು, ಅರ್ಧ ರಾಗ ಅತ್ತು, ಅರ್ಧದಲ್ಲಿ ಕುತೂಹಲಕ್ಕೆ ಅಳುವುದನ್ನು ಮರೆತಳು. ಹುಳುಕು ತೆಗೆದು ಹಲ್ಲು ತುಂಬಿಸಿಯಾಯಿತು. ಹಲ್ಲು ಉಳಿಯಿತು.

ಅಲ್ಲಿಂದ ಚಿಕ್ಕಮ್ಮ ಅಮ್ಮ, ಅಜ್ಜಿ, ಪಿಟೀಲು ಮೂವರನ್ನೂ ತನ್ನ ಪ್ರಯೋಗಾಲಯದ ಬಾಗಿಲಿಗೆ ಕರೆದೊಯ್ದಳು. ಗಾಜಿನ ಕಿಟಕಿಯ ಆಚೆಯಿಂದ ಮುಚ್ಚಳವಿದ್ದ ಎರಡು ಪುಟ್ಟ ತಟ್ಟೆ ಎತ್ತಿ ತೋರಿಸಿದಳು. ಎರಡರಲ್ಲೂ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ನೂರಾರು.

"ಒಂದು ನಿಮ್ಮದು, ಒಂದು ಪಿಟೀಲಿನದು."

ಅಜ್ಜಿ ಕಿಟಕಿಗೆ ಮೂಗು ತಾಗುವಷ್ಟು ಬಾಗಿದರು. "ಎರಡೂ ಒಂದೇ ತರ ಇವೆ."

"ಕಣ್ಣಿಗೆ ಒಂದೇ ತರ ಕಂಡಿದ್ದು ಸಾಕ್ಷಿ ಅಲ್ಲ, ಇನ್ನೂ ಪರೀಕ್ಷೆ ಆಗಬೇಕು. ಆದ್ರೆ ದೊಡ್ಡವರ ಬಾಯಿಂದ ಮಕ್ಕಳ ಬಾಯಿಗೆ ಇವು ಹೋಗೋದು ನಿಜ. ಚಮಚದಲ್ಲಿ, ಕಚ್ಚಿಕೊಟ್ಟ ತಿಂಡಿಯಲ್ಲಿ."

ಅಜ್ಜಿ ಹಿಂದೆ ಸರಿದರು. ಅಂಗೈ ಬಾಯಿಗೆ ಹೋಯಿತು, ನಗುವಿಗಲ್ಲ. ಪಿಟೀಲು ಎಂದಿನಂತೆ ಮುತ್ತಿಗೆ ಕೆನ್ನೆ ಒಡ್ಡಿದರೆ ಅವರು ಮುಖ ತಿರುಗಿಸಿಕೊಂಡರು. "ಬೇಡ ಬಂಗಾರ. ಅಜ್ಜಿ ಬಾಯಿ ಒಳ್ಳೇದಲ್ಲ. ನಾನೇ ನಿನಗೆ ನೋವು ಕೊಟ್ಟಿದ್ದು."

ಚಿಕ್ಕಮ್ಮ ಕೈಗವಸು ಕಿತ್ತು ಹೊರಗೆ ಓಡಿಬಂದಳು.

"ಅತ್ತೆ, ಮುತ್ತು ನಿಲ್ಲಿಸಿ ಅಂತ ಯಾವ ಸಂಶೋಧನೆಯೂ ಹೇಳಿಲ್ಲ! ಈ ಚುಕ್ಕೆಗಳು ನನ್ನ ಬಾಯಲ್ಲೂ ಇವೆ. ನನ್ನ ಪ್ರೊಫೆಸರ್ ಬಾಯಲ್ಲಂತೂ ಇನ್ನೂ ಇವೆ, ನೋಡಿದ್ದೀನಿ. ಚಮಚ ಬೇರೆ ಇಟ್ಕೊಳ್ಳಿ, ಸಾಕು. ಇವು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದ ಮಾತ್ರಕ್ಕೆ ತೂತು ಬೀಳಲ್ಲ. ಇವಕ್ಕೆ ಸಕ್ಕರೆ ಬೇಕು. ಮಲಗುವಾಗ ಸಿಹಿ ಹಾಲು ಕೊಟ್ಟು ಹಾಗೇ ಬಿಟ್ರೆ ಬೆಳಗಾಗೋ ತನಕ ಇವಕ್ಕೆ ಊಟ. ತಿಂದು ಹುಳಿ ಬಿಡ್ತವೆ. ಆ ಹುಳಿ ಹಲ್ಲನ್ನ ಕರಗಿಸುತ್ತೆ. ಸಕ್ಕರೆಯಿಂದಾನೇ ಗೋಂದು ಮಾಡ್ಕೊಂಡು ಹಲ್ಲಿಗೆ ಅಂಟಿಕೊಳ್ತವೆ. ಆ ಗೋಂದು ಹಿಡಿಯದ ಹಾಗೆ ಮಾಡೋ ಲೇಪ ಹುಡುಕೋದೇ ನನ್ನ ಕೆಲಸ."

"ಸಿಕ್ತಾ?"

"ತಟ್ಟೆಯಲ್ಲಿ ಸ್ವಲ್ಪ ಗೆದ್ದಿದ್ದೀನಿ. ಬಾಯಲ್ಲಿ ಗೆಲ್ಲೋದಕ್ಕೆ ಇನ್ನೂ ಎಷ್ಟು ವರ್ಷವೋ. ಗೆದ್ದೇ ಗೆಲ್ತೀನಿ ಅಂತಾನೂ ಹೇಳಲಾರೆ."

"ಅಲ್ಲೀ ತನಕ ನಾವೇನು ಮಾಡೋದು?"

"ಆ ಲೋಳೆಯನ್ನ ದಿನಾ ಎರಡು ಸಲ ಕೆರೆದು ಓಡಿಸೋ ಸಾಧನ ಆಗಲೇ ಅಂಗಡೀಲಿದೆ ಅತ್ತೆ. ಬ್ರಷ್ಷು."

ಅಜ್ಜಿ ಅವಳನ್ನು ದಿಟ್ಟಿಸಿ ನೋಡಿದರು. "ಮೂರು ವರ್ಷ ಓದಿ ಇದನ್ನ ಹೇಳೋಕೆ ಬಂದ್ಯಾ?" ಎಂದರು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮನಿಗೂ. ಪಿಟೀಲು ಏಕೆಂದು ತಿಳಿಯದೆಯೇ ನಕ್ಕಳು. ಅಜ್ಜಿ ಬಾಗಿ ಅವಳ ಕೆನ್ನೆಗೆ ಮುತ್ತಿಟ್ಟರು, ಒಂದಲ್ಲ, ಬಾಕಿ ಉಳಿದಿದ್ದೂ ಸೇರಿಸಿ.

ಆಮೇಲೆ ಮನೆಗೆ ಹೊರಟರು ಎಂದುಕೊಂಡಿರಾ? ಇಲ್ಲ. ಮೆಟ್ಟಿಲ ಬಳಿ ಅಜ್ಜಿ ನಿಂತರು.

"ಇಲ್ಲಿ ದೊಡ್ಡವರನ್ನೂ ನೋಡ್ತಾರಾ?"

"ನೋಡ್ತಾರೆ ಅತ್ತೆ. ಯಾಕೆ?"

"ಎಡಗಡೆ ಎರಡು ಹಲ್ಲು ಅಲ್ಲಾಡ್ತಿವೆ. ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷ! ಒಂದು ಮಾತು ಹೇಳಬಾರದಿತ್ತಾ?" ಎಂದಳು ಅಮ್ಮ. ಅತ್ತೆ ಹೊಸ ಬ್ರೆಡ್ಡನ್ನೂ ಹಾಲಿನಲ್ಲಿ ಅದ್ದಿಯೇ ತಿನ್ನುವುದು ಏಕೆಂದು ಅವಳಿಗೆ ಈಗ ಅರ್ಥವಾಯಿತು. ಅತ್ತೆಯ ತೋಳು ಹಿಡಿದು ಮತ್ತೆ ಮೆಟ್ಟಿಲು ಹತ್ತಿಸಿದಳು.

ಕುರ್ಚಿಯ ಮೇಲೆ ಅಜ್ಜಿ ಒರಗಿದರು. ಪಿಟೀಲು ಪಕ್ಕದಲ್ಲಿ ನಿಂತು, "ಬಾಯೊಳಗೆ ಬೆಕ್ಕು ಇದ್ಯಂತೆ ಅಜ್ಜಿ, ಆ ಅನ್ನು" ಎಂದಳು. ಅಡ್ಡ ಇದ್ದ ಅಂಗೈ ಮೆಲ್ಲನೆ ಕೆಳಗಿಳಿಯಿತು.

"ಇದ್ದ ಹಾಗೇ ನೋಡಿಬಿಡಿ ಡಾಕ್ಟ್ರೇ" ಎಂದರು ಅಜ್ಜಿ.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಮನೆಯಲ್ಲಿ ಈಗ ನಡೆಯುವುದು ಇಷ್ಟೇ. ರಾತ್ರಿ ಊಟ, ಹಾಲು ಎಲ್ಲ ಮುಗಿದ ಮೇಲೆ ಪಿಟೀಲು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳೆ. ಅಜ್ಜಿ ಅವಳ ಹಲ್ಲು ಉಜ್ಜುತ್ತಾರೆ, ಎರಡು ನಿಮಿಷ. ಫ್ಲೋರೈಡ್ ಇರುವ ಪೇಸ್ಟು, ಬಟಾಣಿ ಕಾಳಿನಷ್ಟು. ಮೂರು ವರ್ಷಕ್ಕಿಂತ ಚಿಕ್ಕವರಾದರೆ ಅಕ್ಕಿ ಕಾಳಿನಷ್ಟು ಸಾಕು. ಉಗಿದ ಮೇಲೆ ಬಾಯಿಗೆ ನೀರು ಬಿಟ್ಟು ಬೇರೇನೂ ಇಲ್ಲ. ಬೆಳಿಗ್ಗೆ ಮತ್ತೊಮ್ಮೆ. ಏಳೆಂಟು ವರ್ಷವಾಗುವ ತನಕ ಮಕ್ಕಳ ಕೈಗೆ ಬ್ರಷ್ಷು ಕೊಟ್ಟು ಸುಮ್ಮನಾಗಬೇಡಿ, ದೊಡ್ಡವರೇ ಉಜ್ಜಿ.

ಕೆಲಸದಿಂದ ಬಂದು ಒಮ್ಮೆ ಕಾಲು ಚಾಚಿದ ಮೇಲೆ ಮತ್ತೆ ಏಳುವುದು ಎಷ್ಟು ಕಷ್ಟ ಎಂದು ಗೊತ್ತು. ಒಂದು ದಿನ ತಪ್ಪಿತೇ? ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಮರುದಿನ ಉಜ್ಜಿ. ಮೊದಲ ಹುಟ್ಟುಹಬ್ಬದೊಳಗೆ ಮಗುವಿನ ಬಾಯಿಯನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ. ಹಲ್ಲಿನ ಮೇಲೆ ಬಿಳಿ ಮಚ್ಚೆಯೋ ಕಂದು ಕಲೆಯೋ ಕಂಡರೆ ನೋವಿಗಾಗಿ ಕಾಯಬೇಡಿ. ಹಾಲುಹಲ್ಲು ತಾನೆ ಎನ್ನಬೇಡಿ. ಮನೆಯಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಇಡುವ ಹಿರಿಯರಿದ್ದರೆ, ಅವರ ಪಕ್ಕ ಕೂತು ಒಮ್ಮೆ ಮೆಲ್ಲಗೆ ಕೇಳಿ: ಎಲ್ಲಿ ನೋಯುತ್ತೆ?

ಇವತ್ತೇ ಕೇಳಿ.